ಕೆರೆದಂಡೆಯ ಮೂಲೆ ಮನೆ

"ಈ ಗೂಟಾ ಕಿತ್ತಾಕಿ ಯಾರು?"

ಕೇಳುವ ಅಗತ್ಯವೇ ಇರಲಿಲ್ಲ. ಕಿತ್ತ ಗೂಟ ಇನ್ನೂ ತಾರವ್ವನ ಕೈಯಲ್ಲೇ ಇತ್ತು. ಅದಕ್ಕೆ ಕಟ್ಟಿದ್ದ ಹುರಿ ಅವಳ ಕಾಲಿಗೆ ಸುತ್ತಿಕೊಂಡಿತ್ತು. ಬೆನ್ನ ಹಿಂದೆ ಅವಳ ಕುರಿಗಳು ನೀರಿನ ವಾಸನೆ ಹಿಡಿದು ಒಂದನ್ನೊಂದು ನೂಕುತ್ತಿದ್ದವು.

"ನಾನs ಕಿತ್ತೀನ್ರಿ," ಅಂದಳು.

"ಯಾಕ?"

"ಕುರಿ ನೀರಿಗೆ ಇಳಿಯೂ ದಾರಿ ಇದು. ನಮ್ಮ ಮುತ್ಯಾನ ಕಾಲದಿಂದ ಇಲ್ಲೇ ಇಳೀತಾವ. ನಿಮ್ಮ ಸುಣ್ಣದ ಗೆರಿ ಓದಾಕ ಅವಕ್ಕ ಬರಂಗಿಲ್ಲ."

ಭೀಮಗೊಂಡ ಸಿಟ್ಟಿನಿಂದಲೇ ಬಂದಿದ್ದ. ಎರಡು ದಿನ ಬಿಸಿಲಲ್ಲಿ ನಿಂತು ಅಳೆದು ಹಾಕಿಸಿದ ಗೆರೆಗಳವು. ಆದರೆ ಆ ಹುಡುಗಿ ಕಣ್ಣು ಕೆಳಗೆ ಹಾಕದೆ ನಿಂತಿದ್ದಳು. ಹೆದರಿಕೆಯೂ ಇತ್ತು... ಗೂಟವನ್ನು ಎದೆಗೆ ಅವಚಿಕೊಂಡಿದ್ದಳು. ಆದರೂ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ.

ಅವನು ಬೈಯಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಕುರಿಗಳು ಅವನ ಸುಣ್ಣದ ಗೆರೆಯನ್ನೆಲ್ಲ ತುಳಿದು ಕೆರೆಗೆ ಇಳಿದವು.

ಅದು ಎಂಬತ್ತಾರನೇ ಇಸವಿ, ದೀಪಾವಳಿ ಮುಗಿದ ಹೊಸತು. ಕಾಗವಾಡದಿಂದ ಶಿರಗುಪ್ಪಿಗೆ ಹೋಗುವ ದಾರಿಯಲ್ಲಿ ಆ ಕೆರೆ. ಅದರ ದಂಡೆಯ ಬರಡು ಜಮೀನು ಶಿರಗುಪ್ಪಿಯ ತಾತ್ಯಾಸಾಹೇಬರದು. ಕಬ್ಬು, ದ್ರಾಕ್ಷಿಯ ದೊಡ್ಡ ತೋಟದವರು ಅವರು. ಈ ಕಲ್ಲುನೆಲದಲ್ಲಿ ಏನೂ ಬೆಳೆಯದು ಅಂತ ಪ್ಲಾಟು ಮಾಡಿ ಮಾರಲು ಹೊರಟಿದ್ದರು. ಮಿರಜ, ಸಾಂಗಲಿಯ ಅಂಗಡಿಕಾರರು, ಸಾಲಿ ಮಾಸ್ತರರು, ಬ್ಯಾಂಕಿನವರು ನಾ ಮುಂದು ತಾ ಮುಂದು ಅಂತ ಬಂದರು. ಬೆಳಗೆದ್ದು ನೀರು ನೋಡುತ್ತ ಚಹಾ ಕುಡಿಯುವ ಮನೆ ಯಾರಿಗೆ ಬೇಡ? ಕೆಲಸದ ಉಸ್ತುವಾರಿಯನ್ನು ತಾತ್ಯಾಸಾಹೇಬರು ತಮ್ಮ ಒಬ್ಬನೇ ಮಗ ಭೀಮಗೊಂಡನಿಗೆ ವಹಿಸಿದ್ದರು.

ಮರುದಿನ ತಾರವ್ವ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. ಬಂದು ನೋಡಿದರೆ ಗೆರೆಗಳು ಜಾಗ ಬದಲಿಸಿದ್ದವು! ನಡುವೆ ಒಂದು ಅಗಲವಾದ ದಾರಿ ನೀರಿನತನಕ ಹಾಗೇ ಉಳಿದಿತ್ತು. ಅದಕ್ಕಾಗಿ ಅವನು ಒಂದು ಇಡೀ ಪ್ಲಾಟು ಬಿಟ್ಟುಕೊಟ್ಟಿದ್ದ.

'ನನ್ನ ಮಾತಿಗೆ ಇಷ್ಟ ಬೆಲೆ ಐತೇನು...?'

ಇಪ್ಪತ್ತು ವರ್ಷದ ಬಾಳಿನಲ್ಲಿ ಆ ಹುಡುಗಿಗೆ ಅಂಥ ಅನುಭವ ಅದೇ ಮೊದಲು. ಅವಳು ಆ ದಿನವೆಲ್ಲ ಕಾರಣವಿಲ್ಲದೆ ನಗುತ್ತಿದ್ದಳು.

ತಾರವ್ವನ ತಂದೆ ಮಲಕಾರಿ ತಲೆತಲಾಂತರದಿಂದ ಕುರಿ ಕಾಯುವವನು. ಮಳೆಗಾಲಕ್ಕೆ ಮೂಡಲಕ್ಕೆ ತೆಲಸಂಗದ ಕಡೆ, ಸುಗ್ಗಿಗೆ ಪಡುವಲಕ್ಕೆ ಈ ಕಬ್ಬಿನ ಸೀಮೆಗೆ. ಹೊಲದವರು ಗೊಬ್ಬರಕ್ಕೆಂದು ರಾತ್ರಿ ಹೊಲದಲ್ಲೇ ಕುರಿ ತರುಬಿಸಿಕೊಂಡರೆ ಅಲ್ಲೇ ಗುಡಾರ. ಕುದುರೆ ಬೆನ್ನ ಮೇಲೆ ಹೇರಿಕೊಂಡಷ್ಟೇ ಅವರ ಸಂಸಾರ.

ಅವಳ ತಾಯಿ ಸಾವಕ್ಕ ಆ ಗುಡಾರದಲ್ಲೇ ಹಡೆದಳು. ಹಡೆದವರಲ್ಲಿ ಇಬ್ಬರು ಗಂಡುಮಕ್ಕಳನ್ನು ಮಳೆಯ ತಂಡಿಗೆ ಕೊಟ್ಟಳು. ಉಳಿದವಳು ತಾರವ್ವ ಒಬ್ಬಳೇ. ಈಗ ಸಾವಕ್ಕನ ಎದೆಯಲ್ಲೂ ಕೆಮ್ಮು ಮನೆ ಮಾಡಿತ್ತು. ಅವಳಿಗೆ ಬಂಗಾರ ಬೇಡ, ಸೀರೆ ಬೇಡ. ಒಂದೇ ಆಸೆ ಇತ್ತು. ಒಂದು ರಾತ್ರಿಯಾದರೂ ಬಾಗಿಲ ಚಿಲಕ ಹಾಕಿಕೊಂಡು ಮಲಗಬೇಕು. ತೋಳ, ಕುಡುಕರು, ಗಾಳಿ, ಮಳೆ ಎಲ್ಲ ಹೊರಗೆ... ತಾವು ಒಳಗೆ.

ಕೆರೆದಂಡೆಯಲ್ಲಿ ಮನೆಗಳು ಏಳತೊಡಗಿದಾಗ ಸಾವಕ್ಕ ಕೆಮ್ಮುತ್ತ ಬಂದು ನೋಡುತ್ತ ನಿಲ್ಲುತ್ತಿದ್ದಳು. ಹಸಿ ಗೋಡೆಯ ಮೇಲೆ ಅಂಗೈ ಇಟ್ಟು ಸುಮ್ಮನಿರುತ್ತಿದ್ದಳು. ಭೀಮಗೊಂಡ ಒಂದು ದಿನ ಅದನ್ನು ನೋಡಿದ. ತಾರವ್ವನನ್ನು ಕೇಳಿ ತಾಯಿಯ ಆಸೆ ಏನೆಂದು ತಿಳಿದುಕೊಂಡ. ಅವತ್ತೇ ಸಂಜೆ ಅವರ ಗುಡಾರಕ್ಕೆ ಬಂದು, ಮೂಲೆಯ ಪ್ಲಾಟು ಇನ್ನೂ ಯಾರೂ ಹಿಡಿದಿಲ್ಲ, ನೀವೇ ತಗೊಳ್ಳಿ ಅಂದ.

ಮಲಕಾರಿ ಒಲೆಯ ಬೆಂಕಿ ಕೆದಕಿದ. ಕಡೆಗೆ, ನಾವು ಕಾಲಲ್ಲಿ ಗಾಲಿ ಇರುವ ಮಂದಿ, ದೊಡ್ಡವರ ನಡುವೆ ನಮ್ಮನ್ನು ಯಾರು ಇರಗೊಡುತ್ತಾರೆ ಅಂದ.

"ನಾ ಅದೀನಲ್ಲ ಕಾಕಾ. ನಾ ಮಾತು ಕೊಡತೀನಿ," ಅಂದ ಭೀಮಗೊಂಡ.

ಆ ಮಾತು ನಂಬಿ ಮಲಕಾರಿ ಅರ್ಧ ಹಿಂಡು ಸಂತೆಗೆ ಹೊಡೆದ. ಹೆಸರಿಟ್ಟು ಸಾಕಿದ ಕುರಿಗಳು ಕಟುಕರ ಕೈಗೆ ಹೋಗುವಾಗ ಮುಖ ಆ ಕಡೆ ತಿರುಗಿಸಿ ನಿಂತ. ತಾರವ್ವ ಅತ್ತಳು. ಸಾವಕ್ಕ ಮಾತ್ರ ಅಳಲಿಲ್ಲ. ಅವಳ ಕಣ್ಣಲ್ಲಿ ಆಗಲೇ ನಾಲ್ಕು ಗೋಡೆ ಎದ್ದು ನಿಂತಿದ್ದವು.

ಪಾಯ ತೋಡಿದರು. ಗವಂಡಿಗಳು ಕಲ್ಲು ಕೂಡಿಸಿದರು, ಮೇಲೆ ಇಟ್ಟಂಗಿ ಏರಿತು. ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಸಾವಕ್ಕ ಅದಕ್ಕೆ ಅರಿಶಿಣ ಕುಂಕುಮ ಹಚ್ಚಿ, ಮಾವಿನೆಲೆ ಕಟ್ಟಿ, ಗವಂಡಿಗಳಿಗೆ ಹೋಳಿಗೆ ಉಣಿಸಿದಳು. ತಾರವ್ವ ದಿನಾ ಕೆರೆಯಿಂದ ಕೊಡ ಹೊತ್ತು ಗೋಡೆಗೆ ನೀರುಣಿಸುತ್ತಿದ್ದಳು. ಭೀಮಗೊಂಡನಿಗೆ ದಿನಾ ಆ ಮೂಲೆಯಲ್ಲೇ ಏನಾದರೂ ಕೆಲಸ ಇರುತ್ತಿತ್ತು.

ಮೊದಮೊದಲು ಕುರಿಯ ಮಾತು, ಗೋಡೆಯ ಮಾತು. ಆಮೇಲೆ ಮಾತೇ ಇಲ್ಲದ ಹೊತ್ತು ಹೆಚ್ಚಾಯಿತು. ಅವಳು ಕೊಡ ಇಳಿಸುವಾಗ ಅವನು ಕೈ ಕೊಡುತ್ತಿದ್ದ. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ಕೆರೆಯ ಕಡೆ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಗವಂಡಿಗಳು ಬುತ್ತಿ ಬಿಚ್ಚಲು ಹೋದಾಗ ಅವನೇ ಬಾಯಿಬಿಟ್ಟ.

"ತಾರಾ, ಈ ಮನಿ ವಾಸ್ತುಶಾಂತಿ ಆದ ಮರುದಿನ ನಾನು ನಮ್ಮ ಮನ್ಯಾಗ ಲಗ್ನದ ಮಾತು ತೆಗೀತೀನಿ."

ಅವಳು ಕೊಡ ಕೆಳಗಿಟ್ಟಳು. "ಕುರಿಯವರ ಹುಡುಗೀನ ನಿಮ್ಮ ವಾಡೇದಾಗ ಒಳಗ ಬಿಡತಾರೇನ್ರಿ?"

"ಬಿಡದಿದ್ದರ ನಾ ಹೊರಗ ಬರತೀನಿ."

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು. ಅಷ್ಟು ಸಾಕಾಗಿತ್ತು ಅವನಿಗೆ.

ಚೌಕಟ್ಟಿನ ಮೇಲೆ ಮೂರು ವರಸೆ ಇಟ್ಟಂಗಿ ಏರಿದಾಗ ದ್ರಾಕ್ಷಿಯ ಸುಗ್ಗಿ ಬಂತು. ಮಾಲು ಹೇರಿದ ಲಾರಿಯ ಜೊತೆ ಭೀಮಗೊಂಡ ಮುಂಬಯಿಗೆ ಹೊರಟ. ಹೊರಡುವ ಮುಂಚೆ ಅವಳನ್ನು ನೋಡಲು ಬಂದ. ಏನೋ ಹೇಳಲು ಬಾಯಿ ತೆರೆದ, ಮತ್ತೆ ಮುಚ್ಚಿದ. ಬೇಗ ಬರತೀನಿ ಅಂತಷ್ಟೇ ಹೇಳಿ ಹೋದ. ಪ್ರೀತಿಸುವ ಗಂಡಸಿನ ನಾಚಿಕೆ ಅಂದುಕೊಂಡು ತಾರವ್ವ ಒಳಗೊಳಗೇ ನಕ್ಕಳು.

ಅದಾದ ಮೂರನೇ ದಿನ ಬೆಳಿಗ್ಗೆ ತಾತ್ಯಾಸಾಹೇಬರ ಟ್ರ್ಯಾಕ್ಟರು ಬಂತು. ಹಿಂದೆ ಗುದ್ದಲಿ, ಹಾರೆ ಹಿಡಿದ ಆಳುಗಳು.

ತಾತ್ಯಾಸಾಹೇಬರು ಕೂಗಾಡುವವರಲ್ಲ. ಮಲಕಾರಿಯನ್ನು ಪಕ್ಕಕ್ಕೆ ಕರೆದು ಮೆಲ್ಲಗೇ ಮಾತಾಡಿದರು. ಉಳಿದ ಪ್ಲಾಟಿನವರು ಒಂದಾಗಿದ್ದಾರೆ, ಕುರಿಯವರು ಬಂದರೆ ನಾವು ಯಾರೂ ಬರುವುದಿಲ್ಲ ಅನ್ನುತ್ತಿದ್ದಾರೆ. ಕಾಗದಪತ್ರ ಇನ್ನೂ ಆಗಿಲ್ಲ, ಬಾಯಿಮಾತಷ್ಟೇ. ನಿಮ್ಮ ಹಣ ಪೂರ್ತಿ ತಂದಿದ್ದೇನೆ, ಇಸಿದುಕೊಂಡು ಜಾಗ ಬಿಡಿ ಅಂದರು.

"ಸಣ್ಣ ಸಾವಕಾರ್ರು ಮಾತು ಕೊಟ್ಟಾರ್ರಿ," ಅಂದ ಮಲಕಾರಿ.

ತಾತ್ಯಾಸಾಹೇಬರು ತಾರವ್ವನ ಕಡೆ ನೋಡಿದರು.

"ಅವನs ಹೇಳಿ ಹೋಗ್ಯಾನ, ಮಲಕಾರಿ. ನಿಮ್ಮ ಮುಂದ ಹೇಳಾಕ ಅವಗ ನಾಚಿಕಿ ಆತು. ನಾ ಬರೂದರೊಳಗ ಮುಗಿಸಿಬಿಡ್ರಿ ಅಂದಾನ."

ತಾರವ್ವನ ಕಿವಿಯಲ್ಲಿ ಆ ಮಾತು ಕಾದ ಎಣ್ಣೆಯಂತೆ ಇಳಿಯಿತು. ಬಾಯಿ ತೆರೆದು ಮುಚ್ಚಿದ ಅವನ ಮುಖ ಕಣ್ಣಮುಂದೆ ಬಂತು.

'ಹಾಂ... ಇದನ್ನs ಹೇಳಾಕ ಬಂದಿದ್ದ. ಹೇಳಾಕ ಆಗದs ಹೋದ.'

ಹಾರೆ ಬಿದ್ದಾಗ ಹಸಿ ಗೋಡೆ ಹೆಚ್ಚು ಹೊತ್ತು ತಡೆಯಲಿಲ್ಲ. ಸಾವಕ್ಕ ಓಡಿಬಂದು ಚೌಕಟ್ಟನ್ನು ಅಪ್ಪಿಕೊಂಡಳು. ಆಳುಗಳು ಕೈ ತಡೆದು ನಿಂತರು. ಅವಳು ಯಾರಿಗೂ ಶಾಪ ಹಾಕಲಿಲ್ಲ. ಈ ಬಾಗಿಲೊಂದನ್ನಾದರೂ ಕೊಡಿ, ಎಲ್ಲಾದರೂ ನಿಲ್ಲಿಸಿಕೊಳ್ಳುತ್ತೇವೆ ಅಂತ ಕೇಳಿದಳು. ಒಯ್ಯಿರಿ ಅಂದರು ತಾತ್ಯಾಸಾಹೇಬರು. ಆದರೆ ಅದನ್ನು ಹೇರಲು ಅವರ ಮುದಿ ಕುದುರೆಗೆ ಶಕ್ತಿ ಎಲ್ಲಿತ್ತು? ಅದು ಅಲ್ಲೇ ಉಳಿಯಿತು. ಮಧ್ಯಾಹ್ನದ ಹೊತ್ತಿಗೆ ಗುಡಾರ ಕಿತ್ತು, ಉಳಿದ ಕುರಿ ಹೊಡೆದುಕೊಂಡು ಅವರು ಹೊರಟರು. ಹೊಸ ಮನೆಗಳ ಕಟ್ಟೆಯ ಮೇಲೆ ನಿಂತವರು ನೋಡುತ್ತಿದ್ದರು.

ಹಿಂದಿರುಗಿ ಬಂದ ಹಣದಲ್ಲಿ ಮತ್ತೆ ಕುರಿ ಕೊಳ್ಳಬೇಕೆಂದಿದ್ದ ಮಲಕಾರಿ. ಅದು ಮಿರಜದ ದವಾಖಾನೆಗೆ ಹೋಯಿತು. ಸಾವಕ್ಕನ ಎದೆಯಲ್ಲಿ ನೀರು ತುಂಬಿದೆ, ತಂಡಿಗೆ ಮೈ ಒಡ್ಡಬೇಡಿ, ಬೆಚ್ಚಗಿನ ಮನೆಯಲ್ಲಿಡಿ ಅಂದರು ಡಾಕ್ಟರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮಳೆಗಾಲಕ್ಕೆ ತೆಲಸಂಗದ ಕಡೆ ಬಂದರು. ಆ ವರ್ಷ ಹಸ್ತಾ ಮಳೆ ಹಗಲು ರಾತ್ರಿ ಜಡಿಯಿತು. ಗುಡಾರದ ಕಂಬಳಿಗಳು ನೆನೆದು ಭಾರವಾಗಿ ಕೆಳಗೆ ಜೋತುಬಿದ್ದಿದ್ದವು. ತಾರವ್ವ ತಾಯಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಅವಳ ಮುಖದ ಮೇಲೆ ಹನಿ ಬೀಳದಂತೆ ತನ್ನ ಬೆನ್ನು ಬಾಗಿಸಿ ಕೂತಿದ್ದಳು. ಹೊರಗೆ ಮಲಕಾರಿ ಹರಿಯುವ ನೀರನ್ನು ಗುಡಾರದಿಂದಾಚೆ ತಿರುಗಿಸಲು ಮಣ್ಣು ಏರಿಸುತ್ತಿದ್ದ.

ಸಾವಕ್ಕ ಕಣ್ಣು ತೆರೆದಳು. ಜ್ವರದಲ್ಲಿ ಅವಳಿಗೆ ಆದದ್ದೆಲ್ಲ ಮರೆತುಹೋಗಿತ್ತು.

"ತಾರವ್ವಾ... ಗ್ವಾಡಿ ಎಲ್ಲೀತನಕ ಬಂದಾವ?"

ತಾರವ್ವ ತಾಯಿಯ ಹಣೆಯ ಮೇಲಿನ ನೀರು ಒರೆಸಿದಳು. ನಿಜ ಹೇಳಲು ಬಾಯಿ ಬರಲಿಲ್ಲ.

"ಮಾಳಿಗಿ ಹಾಕಾಕತ್ತಾರಬೇ. ನಾಳೆ ಒಳಗ ಹೋಗೂನು."

"ಚಿಲಕಾ...?"

"ಹಚ್ಚ್ಯಾರ. ಹಿತ್ತಾಳಿ ಚಿಲಕಾ."

ಸಾವಕ್ಕ ನಕ್ಕಳು. ಬಾಗಿಲಾ ಹಾಕವ್ವಾ, ಗಾಳಿ ಬರತೈತಿ ಅಂದಳು. ಅದೇ ಅವಳ ಕೊನೆಯ ಮಾತು. ತಾರವ್ವ ಜೋತುಬಿದ್ದ ಕಂಬಳಿಯ ಅಂಚು ಎಳೆದು ಹಿಡಿದಳು. ಹಾಗೇ ಹಿಡಿದುಕೊಂಡು ಕೂತಿದ್ದಳು... ತಾಯಿಯ ಮೈ ತಣ್ಣಗಾದ ಮೇಲೂ.

ಮಣ್ಣು ಮುಗಿದು ಮೂರನೇ ದಿನವೂ ಆಗಿರಲಿಲ್ಲ. ಭೀಮಗೊಂಡ ಬಂದ. ಊರೂರು ಕುರಿಯವರನ್ನು ಕೇಳುತ್ತ ತಿಂಗಳುಗಟ್ಟಲೆ ಅಲೆದಿದ್ದ. ಗಡ್ಡ ಬೆಳೆದಿತ್ತು, ಚಪ್ಪಲಿ ಹರಿದಿತ್ತು. ಹಸಿ ಮಣ್ಣಿನ ದಿಬ್ಬ ನೋಡಿ ಅವನು ಇದ್ದಲ್ಲೇ ಕುಸಿದ.

"ತಾರಾ, ನಾ ಹೇಳಿದ್ದಲ್ಲ—"

"ಬಾಯಿ ಮುಚ್ಚು."

ಅವನಿಗೆ ಯಾವತ್ತೂ ಏಕವಚನ ಆಡದವಳು ಅಂದು ಆಡಿದಳು. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ನಿನ್ನ ಮಾತು ನಂಬಿ ಹಿಂಡು ಕಳಕೊಂಡಿವಿ. ಅವ್ವನ್ನ ಕಳಕೊಂಡ್ನಿ. ಇನ್ನ ಏನ ಉಳದೈತಿ ಅಂತ ಬಂದಿ? ನಿನ್ನ ನೆರಳು ನಮ್ಮ ಹಟ್ಟಿ ಮ್ಯಾಲ ಬೀಳಬಾರದು. ಬಿತ್ತಂದ್ರ ನಾ ಈ ಮಣ್ಣಿನ ಬಾಜೂಕ ಮಲಗತೀನಿ."

ಮಲಕಾರಿ ದೂರದಲ್ಲಿ ಕೂತವನು ತಲೆ ಎತ್ತಲಿಲ್ಲ. ಭೀಮಗೊಂಡ ಎದ್ದ. ದಿಬ್ಬಕ್ಕೆ ಕೈ ಮುಗಿದ. ಹಿಂದೆ ನೋಡದೆ ನಡೆದುಹೋದ.

ಅವನು ಮರೆಯಾದ ಮೇಲೆ ತಾರವ್ವ ಅತ್ತಳು. ತಾಯಿಗಾಗಿ ಎಷ್ಟು, ಅವನಿಗಾಗಿ ಎಷ್ಟು... ಅವಳಿಗೇ ತಿಳಿಯಲಿಲ್ಲ. ಅದು ತಿಳಿಯದ್ದಕ್ಕೆ ತನ್ನ ಮೇಲೇ ಹೇಸಿಗೆ ಆಯಿತು.

ವರ್ಷಗಳು ಕುರಿಗಳ ಹಿಂದೆ ನಡೆದುಹೋದವು. ಸೋದರಮಾವನ ಮನೆಯವರು ಕೇಳಿಕೊಂಡು ಬಂದರು. ಬೇಡ ಅಂದಳು. ಬೇರೆಯವರು ಬಂದರು. ಅವರಿಗೂ ಬೇಡ ಅಂದಳು. ಮಲಕಾರಿ ಒತ್ತಾಯ ಮಾಡಲಿಲ್ಲ. ಮಗಳ ಒಳಗೆ ಏನು ಸುಡುತ್ತಿದೆ ಅಂತ ಅವನಿಗೆ ಗೊತ್ತಿತ್ತು. ಸುಗ್ಗಿಗೆ ಪಡುವಲಕ್ಕೆ ಬಂದರೂ ಆ ಕೆರೆಯ ದಾರಿ ಮಾತ್ರ ಇಬ್ಬರೂ ತಪ್ಪಿಸುತ್ತಿದ್ದರು.

ತೊಂಬತ್ತಮೂರರ ಕಬ್ಬಿನ ಹಂಗಾಮು. ಶಿರಗುಪ್ಪಿಯಿಂದ ಸ್ವಲ್ಪ ದೂರದ ಕಟಾವಾದ ಕಬ್ಬಿನ ಹೊಲದಲ್ಲಿ ಅವರ ಹಟ್ಟಿ ಬೀಡುಬಿಟ್ಟಿತ್ತು. ಒಂದು ಇಳಿಹೊತ್ತು ಬದುವಿನ ಮೇಲೆ ಒಬ್ಬ ಮುದುಕಿ ನಡೆದು ಬಂದಳು. ಹಣೆ ಬರಿದು, ಕೈ ಬರಿದು. ಮಲಕಾರಿ ಗುರುತು ಹಿಡಿದು ಎದ್ದು ನಿಂತ. ಆಕೆ ರುಕ್ಮವ್ವ, ತಾತ್ಯಾಸಾಹೇಬರ ಹೆಂಡತಿ, ಭೀಮಗೊಂಡನ ತಾಯಿ.

ತಾರವ್ವ ಕಂಬಳಿ ಹಾಸಲಿಲ್ಲ. ರುಕ್ಮವ್ವ ಬರೀ ನೆಲದ ಮೇಲೇ ಕೂತಳು.

"ಹೋದ ವರ್ಷ ನಮ್ಮ ಮನಿಯವರು ಹೋದ್ರು," ಅಂದಳು. "ಅವರ ಜೋಡಿ ಆ ಸುಳ್ಳೂ ಹೋಗಲಿ ಅಂತ ನಾ ಸುಮ್ಮನಿದ್ನಿ. ಅದು ಹೋಗಲಿಲ್ಲ. ನನ್ನ ಎದಿ ಮ್ಯಾಲ ಕುಂತೈತಿ."

"ಯಾವ ಸುಳ್ಳು?" ಕೇಳಿದಳು ತಾರವ್ವ.

"ಗ್ವಾಡಿ ಕೆಡವು ಅಂತ ನನ್ನ ಮಗ ಹೇಳಿಲ್ಲವ್ವ. ಅವರು ತಾವs ಕಟ್ಟಿ ಹೇಳಿದ ಮಾತು ಅದು. ನಿಮ್ಮಿಬ್ಬರ ಸುದ್ದಿ ಅವರ ಕಿವಿಗೆ ಬಿದ್ದಿತ್ತು. ಹಂಗ ಹೇಳಿದ್ರ ಆ ಹುಡುಗಿ ನಮ್ಮ ಹುಡುಗನ ಗೊಡವಿಗೆ ಬರೂದಿಲ್ಲ ಅಂತ ಹಿಂದಿನ ದಿನ ನನ್ನ ಮುಂದ ಅಂದಿದ್ರು. ನಾ ಬ್ಯಾಡ ಅನ್ನಲಿಲ್ಲ."

ತಾರವ್ವ ಮುದುಕಿಯ ಎದುರಿಗೆ ನೆಲದ ಮೇಲೆ ಕೂತಳು.

ರುಕ್ಮವ್ವ ಉಳಿದದ್ದನ್ನೂ ಹೇಳಿದಳು. ಮುಂಬಯಿಯಿಂದ ಬಂದವನು ಹಾಳು ಗೋಡೆ ನೋಡಿ ಅವತ್ತೇ ವಾಡೆ ಬಿಟ್ಟಿದ್ದ. ಅಪ್ಪನ ಆಸ್ತಿಯಲ್ಲಿ ಆ ಮೂಲೆಯ ಪ್ಲಾಟು ಬಿಟ್ಟು ಬೇರೆ ಏನೂ ಕೇಳಲಿಲ್ಲ. ಪರರ ದ್ರಾಕ್ಷಿ ತೋಟದಲ್ಲಿ ದುಡಿದು, ಒಂದೊಂದು ಹಂಗಾಮಿಗೆ ಒಂದೊಂದು ಗೋಡೆ ಅಂತ ಆ ಮನೆ ಕಟ್ಟಿದ. ಕಾಲನಿಯವರು ಜಗಳಕ್ಕೆ ಬಂದರು, ಕಲ್ಲು ಒಗೆದರು. ಅವನು ಬಿಡಲಿಲ್ಲ. ಮನೆ ಮುಗಿದು ಎರಡು ವರ್ಷ ಆಯಿತು. ಅದರಲ್ಲಿ ಅವನು ಒಂದು ದಿನವೂ ಮಲಗಿಲ್ಲ. ತೋಟದ ಜೋಪಡಿಯಲ್ಲಿರುತ್ತಾನೆ, ದಿನಾ ಬಂದು ಕಟ್ಟೆಯ ಮೇಲೆ ಕೂತು ಹೋಗುತ್ತಾನೆ. ಇದ್ಯಾರ ಮನೆ ಅಂದರೆ, ಮಲಕಾರಿ ಕಾಕಾನದು ಅನ್ನುತ್ತಾನೆ. ಅಪ್ಪನ ಮಣ್ಣಿಗೆ ಬಂದವನು ಹೆತ್ತ ತಾಯಿ ತನ್ನ ಜೊತೆಗೂ ಮಾತಾಡದೆ ಹೋದ.

"ನನ್ನ ಕ್ಷಮಾ ಮಾಡು ಅನ್ನಂಗಿಲ್ಲ," ಅಂದಳು ರುಕ್ಮವ್ವ ಏಳುತ್ತ. "ನಾನೂ ತಾಯಿ ಅದೀನಿ. ನಿಮ್ಮವ್ವನ ಮುಂದ ನಿಂದರೂ ಮುಖಾ ನನಗಿಲ್ಲ. ಆದ್ರ ಅವಗ ಒಮ್ಮಿ ಮುಖಾ ತೋರಿಸವ್ವ."

ಮುದುಕಿ ಬದುವಿನ ಮೇಲೆ ನಡೆದುಹೋಗುವುದನ್ನು ತಾರವ್ವ ನೋಡುತ್ತ ನಿಂತಳು. ಅವಳಿಗೆ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಆರು ವರ್ಷ ಒಂದು ದ್ವೇಷವನ್ನು ಊರುಗೋಲಿನ ಹಾಗೆ ಹಿಡಿದು ನಡೆದಿದ್ದಳು. ಈಗ ಯಾರೋ ಅದನ್ನು ಕಸಿದುಕೊಂಡಂತಾಯಿತು.

'ಹಂಗಾದ್ರ... ಅವತ್ತ ಆ ಮಣ್ಣಿನ ಮುಂದ ಅವರ ಮಾತು ಕೇಳಿದ್ರ...?'

ಆ ಪ್ರಶ್ನೆಗೆ ಉತ್ತರ ಬೇಡವಾಗಿತ್ತು ಅವಳಿಗೆ.

ಮಲಕಾರಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದ. ಮಗಳ ಕಡೆ ನೋಡದೆ ಹೇಳಿದ. "ಹೋಗಿ ಬಾ ಮಗಳ. ನಾ ಬರಂಗಿಲ್ಲ. ನಾ ಹೋದ್ರ ಆ ಗ್ವಾಡಿ ಮತ್ತ ಕೆಡವಿ ಬಂದೇನು."

ಮರುದಿನ ಅವಳು ಹೋದಳು.

ಕೆರೆ ಗುರುತೇ ಸಿಗಲಿಲ್ಲ. ಸುತ್ತ ಬಣ್ಣಬಣ್ಣದ ಮನೆಗಳು, ಕಂಪೌಂಡುಗಳು. ಎಲ್ಲರ ಬಚ್ಚಲ ನೀರೂ ಕೆರೆಗೇ ಇಳಿದು ದಂಡೆಯ ನೀರು ಹಸಿರುಗಟ್ಟಿತ್ತು. ಕುರಿಯ ದಾರಿಯ ಮೇಲೆ ಯಾರೋ ಜೀಪು ನಿಲ್ಲಿಸುವ ಶೆಡ್ಡು ಹಾಕಿಕೊಂಡಿದ್ದರು. ಅವಳು ನಡೆದು ಬರುವುದನ್ನು ಕಂಡು ಒಂದು ಕಿಟಕಿಯ ಪರದೆ ಸರಿಯಿತು, ಮತ್ತೆ ಮುಚ್ಚಿತು.

ಮೂಲೆಯಲ್ಲಿ ಎರಡು ಕೋಣೆಯ ಸಣ್ಣ ಮನೆ. ಅವತ್ತು ತಾವು ಪಾಯ ತೋಡಿದ ಅಳತೆಯೇ. ಬಾಗಿಲು ಹಾಕಿತ್ತು. ಬಾಗಿಲ ಮುಂದಿನ ಕಟ್ಟೆಯ ಮೇಲೆ ಭೀಮಗೊಂಡ ಒಬ್ಬನೇ ಕೂತಿದ್ದ. ಕಿವಿಯ ಬದಿ ಕೂದಲು ಬೆಳ್ಳಗಾಗಿದ್ದವು. ಮೂವತ್ತಮೂರು ವಯಸ್ಸಿಗೆ ನಲವತ್ತೈದರ ಮುಖ.

ಅವಳನ್ನು ನೋಡಿ ಎದ್ದು ನಿಂತ. ಮೊದಲು ದೂರ ಸರಿದ. ತನ್ನ ನೆರಳು ಅವಳ ಮೇಲೆ ಬೀಳದಂತೆ...

ಅದನ್ನು ನೋಡಿ ತಾರವ್ವ ತಾನೇ ಒಂದು ಹೆಜ್ಜೆ ಮುಂದೆ ಬಂದಳು.

"ನಿಮ್ಮವ್ವ ಬಂದಿದ್ರು," ಅಂದಳು. "ಎಲ್ಲಾ ಹೇಳಿದ್ರು."

ಅವನು ತಲೆ ತಗ್ಗಿಸಿದ.

"ನಾ ಒಂದs ಮಾತು ಕೇಳಾಕ ಬಂದೀನಿ. ಖರೆ ಹೇಳ್ರಿ. ಮುಂಬಯಿಗೆ ಹೋಗೂ ಮುಂಚೆ... ಪ್ಲಾಟಿನ ಮಂದಿ ನಮ್ಮನ್ನ ಬ್ಯಾಡ ಅನ್ನಾಕತ್ತಾರ ಅಂತ ನಿಮಗ ಗೊತ್ತಿತ್ತೇನು?"

ಗಾಳಿ ಬೀಸಿತು. ಕೆರೆಯ ಹಸಿರು ವಾಸನೆ ಬಂತು. ಇಲ್ಲ ಅಂದಿದ್ದರೆ ಅವಳು ನಂಬುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು.

"ಗೊತ್ತಿತ್ತು," ಅಂದ.

ತಾರವ್ವ ಕಣ್ಣು ಮುಚ್ಚಿದಳು.

"ಅವತ್ತ ಹೇಳಾಕ ಬಂದಿದ್ನಿ, ತಾರಾ. ನಿಮ್ಮವ್ವ ಗ್ವಾಡಿಗೆ ನೀರ ಹಾಕಾಕತ್ತಿದ್ಲು. ಅಕಿ ಮುಖಾ ನೋಡಿ ಬಾಯಿ ಬರಲಿಲ್ಲ. ಬಂದ ಮ್ಯಾಲ ಅವರನ್ನೆಲ್ಲ ಕರದು ಒಪ್ಪಸತೀನಿ ಅಂದ್ಕೊಂಡ್ನಿ. ಅಪ್ಪ ಹಿಂಗ ಮಾಡ್ಯಾನು ಅಂತ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ. ಆದ್ರ ಗೊತ್ತಿತ್ತು... ಗೊತ್ತಿದ್ದೂ ಬಿಟ್ಟು ಹೋದ್ನಿ."

ಅವಳು ಕಟ್ಟೆಯ ಮೇಲೆ ಕೂತುಬಿಟ್ಟಳು. ಇಷ್ಟು ವರ್ಷ ಯಾರಿಗೂ ಹೇಳದ್ದನ್ನು, ಅಪ್ಪನಿಗೂ ಹೇಳದ್ದನ್ನು ಅವತ್ತು ಅವನಿಗೆ ಹೇಳಿದಳು. ಮಳೆ ಸುರಿಯುತ್ತಿದ್ದದ್ದು. ಅವ್ವ ಗೋಡೆ ಎಲ್ಲಿತನಕ ಬಂದವು ಅಂತ ಕೇಳಿದ್ದು. ತಾನು ಮಾಳಿಗೆ ಹಾಕುತ್ತಿದ್ದಾರೆ ಅಂದದ್ದು, ಹಿತ್ತಾಳೆಯ ಚಿಲಕ ಅಂದದ್ದು... ಅದನ್ನು ನಂಬಿ ಅವಳು ನಕ್ಕದ್ದು.

ಭೀಮಗೊಂಡ ನಿಂತಲ್ಲೇ ಗೋಡೆಗೆ ಹಣೆ ಆನಿಸಿದ. ಅವನ ಬೆನ್ನು ಅಲುಗುತ್ತಿತ್ತು. ಗಂಡಸು ಹಾಗೆ ಅಳುವುದನ್ನು ಅವಳು ಅಪ್ಪನನ್ನು ಬಿಟ್ಟರೆ ಬೇರೆ ಯಾರಲ್ಲೂ ನೋಡಿರಲಿಲ್ಲ.

ಸಮಾಧಾನ ಮಾಡಲು ಹೋಗಲಿಲ್ಲ ಅವಳು. ಎದ್ದೂ ಹೋಗಲಿಲ್ಲ. ಬಿಸಿಲು ಕೆರೆಯ ಆ ದಂಡೆಗೆ ಸರಿಯಿತು.

ಬಹಳ ಹೊತ್ತಿನ ಮೇಲೆ ಅವನು ಮುಖ ಒರೆಸಿಕೊಂಡು, ಈ ಮನೆ ನಿಮ್ಮದು, ಕಾಕಾನನ್ನು ಕರೆದುಕೊಂಡು ಬನ್ನಿ, ವಯಸ್ಸಾದ ಜೀವ ಬಯಲಲ್ಲಿ ಮಲಗುವುದು ಬೇಡ, ನಾನು ಈ ಕಡೆ ಹಾಯುವುದಿಲ್ಲ ಅಂದ.

"ನೀವು ಎಲ್ಲೆ ಇರತೀರಿ?"

"ಜೋಪಡ್ಯಾಗ. ರೂಢಿ ಆಗೈತಿ."

ಅವಳಿಗೆ ಸಿಟ್ಟು ಬಂತು. ಆರು ವರ್ಷದ ಸಿಟ್ಟಲ್ಲ, ಬೇರೆ ಸಿಟ್ಟು. ಒಬ್ಬರ ಮೇಲೆ ಪ್ರಾಣ ಇದ್ದಾಗ ಬರುವಂಥದ್ದು.

"ಮನಿ ಕೊಟ್ಟು ಕೈ ತೊಳಕೋತೀರೇನು? ನಮ್ಮಪ್ಪಗ ಒಂದು ಮಾತು ಕೊಟ್ಟಿದ್ರಿ, ಹೋತು. ನನಗೂ ಒಂದು ಕೊಟ್ಟಿದ್ರಿ. ಅದರ ಸುದ್ದಿನs ತೆಗೀವಲ್ರಿ."

ಅವನು ಬೆಚ್ಚಿ ನೋಡಿದ. "ಕೇಳೂ ಯೋಗ್ಯತಿ ನನಗ ಉಳದಿಲ್ಲ, ತಾರಾ."

"ನನಗಾದ್ರೂ ಎಲ್ಲೆ ಉಳದೈತಿ?" ಅಂದಳು ಅವಳು. "ಹೆತ್ತವ್ವನ ಮಣ್ಣಿನ ಮುಂದ ನಿಮ್ಮನ್ನ ಓಡಿಸಿದ್ನಿ. ಓಡಿಸಿ ನಿಮ್ಮ ದಾರಿ ನೋಡಿದ್ನಿ. ಈ ಪಾಪಕ್ಕ ಏನ ಹೆಸರು ಐತೋ ನನಗ ಗೊತ್ತಿಲ್ಲ. ಆರು ವರ್ಷ ನಿಮ್ಮನ್ನ ಬೈಕೋತ ಮಲಗೀನಿ, ನಿಮ್ಮನ್ನs ನೆನಸಕೋತ ಎದ್ದೀನಿ."

ಅವನು ಹತ್ತಿರ ಬಂದ. ಮುಟ್ಟಲಿಲ್ಲ. ಅವಳ ಕಾಲ ಬಳಿ ನೆಲದ ಮೇಲೆ ಕೂತ. ಆಚೆ ಮನೆಯ ಕಿಟಕಿ ಮತ್ತೆ ತೆರೆಯಿತು. ಈ ಸಲ ಇಬ್ಬರೂ ಆ ಕಡೆ ನೋಡಲಿಲ್ಲ.

"ಈ ಮಂದಿ ಸುಮ್ಮನ ಇರಂಗಿಲ್ಲ," ಅಂದ ಅವನು. "ನಿಮ್ಮ ಮಂದೀನೂ ಇರಂಗಿಲ್ಲ."

"ಗೊತ್ತೈತಿ."

"ಮತ್ತ?"

ಅವಳು ಮುಚ್ಚಿದ ಬಾಗಿಲ ಕಡೆ ನೋಡಿದಳು. ಅವ್ವ ಒಂದು ರಾತ್ರಿಯೂ ಮಲಗದ ಮನೆ. ಇದರೊಳಗೆ ತಾನು ಸುಖವಾಗಿ ಇರಬಲ್ಲಳೇ? ಇರಲಾರಳು. ಬೇರೆ ಎಲ್ಲಿಯಾದರೂ ಇರಬಲ್ಲಳೇ? ಅದೂ ಆಗದು.

"ಒಂದ ಮಾತು ಹೇಳತೀನಿ," ಅಂದಳು. "ನಿಮ್ಮ ಮ್ಯಾಲಿನ ಸಿಟ್ಟು ನನಗ ಹೋಗಿಲ್ಲ."

"ಇರ್ಲಿ."

"ಮಳಿ ಬಂದಾಗೊಮ್ಮಿ ಅವ್ವ ನೆನಪಾಗತಾಳ. ಆವಾಗ ನಿಮ್ಮ ಮುಖಾ ನೋಡಾಕ ನನ್ನಿಂದ ಆಗಲಿಕ್ಕಿಲ್ಲ."

"ಆವಾಗ ನಾ ಹೊರಗ ಕಟ್ಟಿ ಮ್ಯಾಲ ಕುಂದರತೀನಿ."

"ಮಳ್ಯಾಗ?"

"ಹೂಂ. ಮಳ್ಯಾಗ."

ತಾರವ್ವ ಕೈ ಚಾಚಿ, ಕಿವಿಯ ಬದಿಯ ಅವನ ಬೆಳ್ಳಗಿನ ಕೂದಲನ್ನು ಮೆಲ್ಲಗೆ ಮುಟ್ಟಿದಳು.

"ಬ್ಯಾಡ," ಅಂದಳು. "ಒಳಗs ಇರ್ರಿ. ನಾ ಆ ಕಡೆ ಮಾರಿ ಮಾಡಿ ಮಲಗತೀನಿ."